ಒಂದು ದೋಣಿಗೆ ಒಂದೇ ಮೀನು

ನಮ್ಮೂರಿನ ಹೊಳೆಯಲ್ಲಿ ದೋಣಿ ಹತ್ತುವ ಮೊದಲು ಯಾವ ಮೀನು ಬೇಕೆಂದು ಹೇಳಬೇಕು. ನೀರು ಪಾದಕ್ಕೆ ತಾಗುವ ಕಡೆಯ ಮೆಟ್ಟಿಲ ಮೇಲೆ ನಿಂತು, ಹತ್ತುವವರೆಲ್ಲ ಒಂದೇ ಹೆಸರು ಹೇಳಬೇಕು. ಬಾಯಲ್ಲಿ ಹೇಳಿದರೆ ಸಾಲದು, ಒಳಗೂ ಅದೇ ಬೇಕೆನ್ನಿಸಬೇಕು. ದೋಣಿಯಲ್ಲಿ ಒಬ್ಬರಿಗೆ ಒಳಗೊಳಗೆ ಬೇರೆ ಆಸೆಯಿದ್ದರೂ ಆವತ್ತು ಯಾರ ಗಾಳವನ್ನೂ ಒಂದು ಮೀನೂ ಮೂಸಿ ನೋಡುವುದಿಲ್ಲ. ಇದು ಯಾಕೆ ಹೀಗೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಿಮ್ಮೂರಲ್ಲಿ ಮಳೆ ಯಾಕೆ ಮೇಲಿಂದ ಕೆಳಕ್ಕೆ ಬೀಳುತ್ತದೆ ಎಂದು ನಾವು ಅವರನ್ನು ಯಾವತ್ತೂ ಕೇಳಿಲ್ಲ. ಅಷ್ಟು ಮರ್ಯಾದೆ ನಮಗಿದೆ.

ಊರಿನವರು ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರಾಯಿತು. ಬುದ್ಧಿ ಇರುವವರು ಒಬ್ಬೊಬ್ಬರೇ ಮೀನಿಗೆ ಹೋಗುತ್ತಾರೆ. ಹೊಸದಾಗಿ ಮದುವೆಯಾದವರನ್ನು ಮೊದಲ ವರ್ಷ ಒಂದೇ ದೋಣಿಗೆ ಹತ್ತಿಸುವುದಿಲ್ಲ. ಹಿರಿಯರು ಅದಕ್ಕೆ ಶಾಸ್ತ್ರದ ಕಾರಣ ಹೇಳುತ್ತಾರೆ, ನಿಜವಾದ ಕಾರಣ ಎಲ್ಲರಿಗೂ ಗೊತ್ತು. ಒಮ್ಮೆ ಪುರಸಭೆಯ ಹನ್ನೊಂದು ಮಂದಿ ಸದಸ್ಯರು ಒಗ್ಗಟ್ಟು ತೋರಿಸಲೆಂದು ಒಂದೇ ದೊಡ್ಡ ದೋಣಿಯಲ್ಲಿ ಹೊರಟರು. ಬೆಳಗ್ಗೆಯಿಂದ ಸಂಜೆತನಕ ಕೂತು, ಇಳಿಯುವಾಗ ಸಂತೆಯಿಂದ ತರಿಸಿದ ಮೀನನ್ನು ಎತ್ತಿ ಹಿಡಿದು ಹಾರ ಹಾಕಿಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಆ ಮೀನು ಹೊಗೆ ಹಾಕಿ ಒಣಗಿಸಿದ್ದಾಗಿತ್ತು ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಕೆಳಗಿನ ಕೇರಿಯಲ್ಲಿ ಗಂಡ ಹೆಂಡತಿ ಇಬ್ಬರಿದ್ದಾರೆ, ದಿನಾ ಜೊತೆಯಲ್ಲೇ ಹೋಗಿ ಬುಟ್ಟಿ ತುಂಬ ತರುತ್ತಾರೆ. ಅವರನ್ನು ಕಂಡರೆ ಊರಿಗೆ ಅನುಮಾನ. ಆ ಮನೆಯಲ್ಲಿ ಇಬ್ಬರೂ ಬದುಕಿದ್ದಾರೆ ಎಂದು ಹೇಗೆ ನಂಬುವುದು ಎನ್ನುತ್ತಾರೆ.

ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಸಮುದ್ರದಿಂದ ಐದು ಜಾತಿಯ ಏರುಮೀನು ನಮ್ಮ ಹೊಳೆ ಹತ್ತುತ್ತವೆ. ಪುಸ್ತಕ ಓದಿದವರು ಸಾಲ್ಮನ್ ಎನ್ನುತ್ತಾರೆ. ನಮಗೆ ಅವು ಅರಸ, ಬೆಳ್ಳಿ, ಕೆಂಪ, ಗೂನ, ನಾಯಿಹಲ್ಲ. ಅರಸ ತೊಟ್ಟಿಲಿನಷ್ಟು ದೊಡ್ಡದು. ಆಳದ ಮಡುವಿನಲ್ಲಿ ಬಿದ್ದುಕೊಂಡಿರುತ್ತದೆ, ಕಚ್ಚಿದರೆ ಹೊತ್ತು ಗೊತ್ತಿಲ್ಲದೆ ಎಳೆದಾಡಿಸುತ್ತದೆ. ಬೆಳ್ಳಿ ಗಾಳ ನುಂಗಿದ್ದೇ ತಡ ನೀರಿನಿಂದ ಮೇಲಕ್ಕೆ ನೆಗೆಯುತ್ತದೆ, ಹಿಡಿಯುವವರಿಗೆ ಅದೇ ಹಬ್ಬ. ಕೆಂಪನ ರುಚಿ ಯಾವುದಕ್ಕೂ ಇಲ್ಲ, ಆದರೆ ಗಾಳವೆಂದರೆ ಅದಕ್ಕೆ ತಾತ್ಸಾರ. ಗೂನ ಸಣ್ಣದು, ಧಾರಾಳ; ಮೊದಲ ಸಲ ಕೋಲು ಹಿಡಿದವರಿಗೂ ದಕ್ಕುತ್ತದೆ. ನಾಯಿಹಲ್ಲ ನೋಡುವುದಕ್ಕೆ ವಿಕಾರ. ಒಣಗಿಸಿಟ್ಟರೆ ವರ್ಷವಿಡೀ ಊರಿಗೆ ಅನ್ನದ ಜೊತೆಗಾಗುತ್ತದೆ. ಹಾಗಾಗಿ ಅದನ್ನು ಯಾರೂ ಗೌರವಿಸುವುದಿಲ್ಲ.

ಹೊರಗಿನವರನ್ನು ಕರೆದೊಯ್ಯುವುದು ನಮ್ಮ ಗೈಡುಗಳ ಕೆಲಸ. ದೋಣಿಯಲ್ಲಿ ನಾವೂ ಕೂರುವುದರಿಂದ ನಮ್ಮ ಆಸೆಯೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಗೈಡು ಎಂದರೆ ಮೀನು ಗೊತ್ತಿರುವವರಲ್ಲ, ಸ್ವಂತಕ್ಕೆ ಏನೂ ಬೇಡದವರು. ಗಿರಾಕಿ ಅರಸ ಎಂದರೆ ಅರಸ ಬೇಕೆನ್ನಿಸಬೇಕು, ಗೂನ ಎಂದರೆ ಗೂನ. ಗೈಡುಗಳ ಸಂಘದವರು ಇದನ್ನು ಆರು ತಿಂಗಳು ಕಲಿಸುತ್ತಾರೆ. ನನಗೆ ಎರಡೇ ವಾರ ಸಾಕಾಯಿತು. ನನ್ನ ಗಂಡ ನಾನು ಏನು ಬೇಕೆಂದರೂ ಬೇಡ ಎನ್ನುತ್ತಿದ್ದವನು. ತರಬೇತಿಯೆಲ್ಲ ಮನೆಯಲ್ಲೇ ಮುಗಿದಿತ್ತು. ಅವನು ತೀರಿಕೊಂಡ ವರ್ಷವೇ ಗೈಡಿನ ಹಿತ್ತಾಳೆಯ ಬಿಲ್ಲೆ ಕಟ್ಟಿಕೊಂಡು ದೋಣಿಗಿಳಿದೆ. ಹತ್ತೊಂಬತ್ತು ವರ್ಷದಲ್ಲಿ ಈ ಹೊಂಬಾಳಕ್ಕನ ದೋಣಿ ಗೈಡಿನಿಂದಾಗಿ ಬರಿದಾಯಿತು ಎಂದು ಒಬ್ಬರೂ ಹೇಳಿರಲಿಲ್ಲ. ನಾನು ಅದನ್ನು ನನ್ನ ದೊಡ್ಡಗುಣವೆಂದುಕೊಂಡಿದ್ದೆ.

ಬಲವಂತರಾವ್ ಬಂದದ್ದು ಅರಸನ ಕಾಲ ಮುಗಿಯುತ್ತಿದ್ದ ವಾರ. ಎಲ್ಲೋ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದು ನಿವೃತ್ತರಾದವರು. ನಿವೃತ್ತರಾದ ಸುದ್ದಿ ಇನ್ನೂ ಅವರಿಗೆ ಪೂರ್ತಿ ತಲುಪಿದಂತಿರಲಿಲ್ಲ. ಹೊಳೆಯ ಕಟ್ಟೆಯ ಮೇಲಿನ ಟೀ ಅಂಗಡಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಚೀಲದಿಂದ ನೋಟುಪುಸ್ತಕ ತೆಗೆದರು. ಅವರ ಹೆಂಡತಿ ಇಂದುಮತಿ ಪಕ್ಕದ ಬೆಂಚಿನಲ್ಲಿ ಬೊಗಸೆಯಲ್ಲಿ ಲೋಟ ಹಿಡಿದು ಕೂತಿದ್ದರು.

"ನೋಡಮ್ಮ, ನಾನು ಅಧ್ಯಯನ ಮಾಡದೆ ಯಾವುದಕ್ಕೂ ಕೈ ಹಾಕೋನಲ್ಲ," ಎಂದು ಅವರು ಪುಸ್ತಕ ಬಿಡಿಸಿದರು. ಐದು ಮೀನಿಗೂ ಅಂಕ ಕೊಟ್ಟಿದ್ದರು. ಗಾತ್ರಕ್ಕೆ ಇಷ್ಟು, ಹೋರಾಟಕ್ಕೆ ಇಷ್ಟು, ರುಚಿಗೆ ಇಷ್ಟು, ಘನತೆಗೆ ಇಷ್ಟು. ಅರಸ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾಗಿತ್ತು. ಬೆಳ್ಳಿ ಪ್ರಥಮ ದರ್ಜೆ, ಕೆಂಪ ದ್ವಿತೀಯ. ಗೂನ ಹೇಗೋ ಪಾಸು. ನಾಯಿಹಲ್ಲ ಘನತೆಯಲ್ಲಿ ಸೊನ್ನೆ ಪಡೆದು ಫೇಲಾಗಿತ್ತು. ನಮ್ಮ ಊಟದ ತಟ್ಟೆ ಇಷ್ಟು ವರ್ಷದಿಂದ ಫೇಲಾದ ವಿದ್ಯಾರ್ಥಿಯಿಂದ ತುಂಬುತ್ತಿತ್ತೆಂದು ನನಗೆ ಗೊತ್ತಾದದ್ದೇ ಆವತ್ತು.

"ಸರ್, ಅರಸ ಈ ವಾರ ಕಡಿಮೆ," ಎಂದೆ. "ಬಂದಿದ್ದೂ ಮೇಲಕ್ಕೆ ಹೋಗಿಬಿಟ್ಟಿದೆ. ಬೆಳ್ಳಿ ಈಗ ತಾನೇ ಏರ್ತಾ ಇದೆ. ಹಾರಿ ಹಾರಿ ಕುಣಿಯುತ್ತೆ, ನಿಮಗೂ ಖುಷಿ, ಅಮ್ಮೋರಿಗೂ ನೋಡೋಕೆ ಚೆಂದ. ಎರಡು ದಿನ ಇರ್ತೀರಿ ಅಂದ್ರೆ ಬೆಳ್ಳಿ ಹೆಸರೇ ಹೇಳಿ."

"ನಮ್ಮ ಗಣಿತ ವಿಭಾಗದಲ್ಲಿದ್ದ ಸಹೋದ್ಯೋಗಿಯೊಬ್ಬರು ಹೋದ ವರ್ಷ ಇಲ್ಲಿ ಅರಸ ಹಿಡಿದಿದ್ದಾರೆ. ಫೋಟೋ ಹಜಾರದಲ್ಲಿ ತೂಗುಹಾಕಿದ್ದಾರೆ," ಎಂದರು.

"ಹಜಾರದಲ್ಲಿ, ಬಾಗಿಲಿಗೆ ಎದುರಿಗೆ," ಎಂದು ಇಂದುಮತಿ ಸೇರಿಸಿದರು. ಅದರಲ್ಲಿ ಕುಚೋದ್ಯವಿತ್ತೋ ಇಲ್ಲವೋ ಹೇಳುವುದು ಕಷ್ಟ. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದವರ ದನಿಯಲ್ಲಿ ಅಂಥದ್ದು ಅಷ್ಟು ಸುಲಭವಾಗಿ ಕಾಣುವುದಿಲ್ಲ.

"ಅಮ್ಮ, ನಿಮಗೆ ಯಾವುದು ಬೇಕು?" ಎಂದು ನಾನು ನಿಯಮದಂತೆ ಅವರನ್ನೇ ಕೇಳಿದೆ.

"ಅವಳಿಗೂ ಅರಸನೇ," ಎಂದರು ಬಲವಂತರಾವ್.

"ನನಗೂ ಅರಸನೇ," ಎಂದರು ಇಂದುಮತಿ.

ಆಗಲೇ ನನ್ನೊಳಗೆ ಏನೋ ಒಂದು ಮಿಸುಕಾಡಿದ್ದು ನಿಜ. ಆದರೆ ಹತ್ತೊಂಬತ್ತು ವರ್ಷದ ಗೈಡಿಗೆ ಹೊಟ್ಟೆಯಲ್ಲಿ ಮಿಸುಕಾಡಿದರೆ ಅದು ಗಾಳಿ ಎಂದೇ ತೋರುತ್ತದೆ. ನಾವು ಮೂವರೂ ಕಡೆಯ ಮೆಟ್ಟಿಲಿಗೆ ಇಳಿದು "ಅರಸ" ಎಂದೆವು. ಬಲವಂತರಾವ್ ಹಾಜರಿ ಕೂಗಿದಂತೆ ಹೇಳಿದರು.

ದೊಡ್ಡ ಮಡುವಿನ ಬಾಯಲ್ಲಿ ದೋಣಿ ನಿಲ್ಲಿಸಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಮೀನೂ ಮುಟ್ಟಲಿಲ್ಲ. ಅಕ್ಕಪಕ್ಕದಲ್ಲಿ ಬೆಳ್ಳಿಗಳು ನೀರಿನಿಂದ ನೆಗೆದು ನೆಗೆದು ಬೀಳುತ್ತಿದ್ದವು, ಒಂದಂತೂ ದೋಣಿಯ ಅಂಚಿಗೇ ಬಡಿಯಿತು. ಬಲವಂತರಾವ್ ಅದರತ್ತ ನೋಡಲಿಲ್ಲ. ತನ್ನ ತರಗತಿಗೆ ಸೇರದ ವಿದ್ಯಾರ್ಥಿಯನ್ನು ಕಾರಿಡಾರಿನಲ್ಲಿ ಕಂಡಂತೆ ಮುಖ ತಿರುಗಿಸಿದರು. ಮೀನು ಹೇಗೆ ಕಚ್ಚುತ್ತದೆ, ನೀರಿನ ಉಷ್ಣತೆ ಎಷ್ಟಿರಬೇಕು, ಹುಟ್ಟನ್ನು ಯಾವ ಕೋನದಲ್ಲಿ ಹಿಡಿಯಬೇಕು ಎಂದು ನನಗೆ ಹೇಳಿಕೊಟ್ಟರು. ನಾನು ಹೂಂ ಎಂದೆ. ಹೂಂ ಎನ್ನುವುದು ತರಬೇತಿಯ ಮೊದಲ ಪಾಠ.

ಊಟದ ಹೊತ್ತಿಗೆ ಅವರು ಕೋಲನ್ನು ದೋಣಿಯೊಳಗೆ ಮಲಗಿಸಿ ಹೆಂಡತಿಯ ಕಡೆ ತಿರುಗಿದರು.

"ಇಂದೂ, ನಿಜ ಹೇಳು. ನಿನ್ನ ಮನಸ್ಸಲ್ಲಿ ಏನಿದೆ?"

"ಅರಸ ಇದೆ ರೀ."

"ಮೂವತ್ತನಾಲ್ಕು ವರ್ಷ ನೋಡಿದ್ದೀನಿ. ನಾನು ಒಂದು ಅಂದ್ರೆ ನಿನಗೆ ಇನ್ನೊಂದು. ಮನೆ ಕಟ್ಟುವಾಗ ನಾನು ಪೂರ್ವಕ್ಕೆ ಕಿಟಕಿ ಅಂದೆ, ನಿನಗೆ ಪಶ್ಚಿಮಕ್ಕೆ ಬೇಕಿತ್ತು. ಬಾಯಲ್ಲಿ ಹೂಂ, ಒಳಗೆ ಊಹೂಂ. ಅಲ್ಲೇ ನಿನ್ನ ಸಮಸ್ಯೆ."

"ಪಶ್ಚಿಮಕ್ಕೆ ಗಾಳಿ ಬರ್ತಿತ್ತು," ಎಂದರು ಇಂದುಮತಿ, ಮೆತ್ತಗೆ.

"ನೋಡಿದ್ರಾ?" ಎಂದು ಬಲವಂತರಾವ್ ನನ್ನನ್ನು ಸಾಕ್ಷಿ ಕರೆದರು.

ನಮ್ಮಲ್ಲಿ ಇದಕ್ಕೊಂದು ಪದ್ಧತಿಯಿದೆ. ಮೀನು ಮುಟ್ಟದಿದ್ದರೆ ಒಬ್ಬೊಬ್ಬರನ್ನೇ ಹೊಳೆಯ ನಡುವಿನ ಮರಳುದಿಬ್ಬಕ್ಕೆ ಇಳಿಸಿ ಉಳಿದವರು ಗಾಳ ಹಾಕಿ ನೋಡುವುದು. ಯಾರನ್ನು ಇಳಿಸಿದಾಗ ಮೀನು ಕಚ್ಚಿತೋ ಅವರದ್ದೇ ಬೇರೆ ಆಸೆ. ಮೊದಲು ಯಾರನ್ನು ಇಳಿಸಬೇಕೆಂದು ಎಲ್ಲೂ ಬರೆದಿಲ್ಲ, ಆದರೂ ಮೊದಲು ಹೆಂಡತಿಯನ್ನೇ ಇಳಿಸುತ್ತಾರೆ. ಆಮೇಲೆ ಅತ್ತೆ, ಆಮೇಲೆ ತಮ್ಮ. ಗಂಡನವರೆಗೆ ಸರದಿ ಬಂದದ್ದು ಕಡಿಮೆ. ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಗೈಡನ್ನು ಇಳಿಸಿದ್ದಂತೂ ಇಲ್ಲವೇ ಇಲ್ಲ. ಹುಟ್ಟು ಹಾಕುವವರು ಯಾರು?

ಇಂದುಮತಿ ಸೀರೆಯ ನೆರಿಗೆ ಎತ್ತಿ ಹಿಡಿದು ದಿಬ್ಬಕ್ಕೆ ಇಳಿದರು. ಬಿಸಿಲಿಗೆ ಸೆರಗು ಹೊದ್ದು ಒಂದು ಕೊರಡಿನ ಮೇಲೆ ಕೂತರು. ನಾವಿಬ್ಬರು ಮಡುವಿಗೆ ಹಿಂದಿರುಗಿ ಎರಡು ತಾಸು ಗಾಳ ಎಸೆದೆವು. ಏನೂ ಇಲ್ಲ. ದಾರ ನೀರಿನಲ್ಲಿ ಕೂದಲಿನಂತೆ ಸುಮ್ಮನೆ ತೇಲಿತು.

"ಅಲ್ಲಿಂದಲೇ ಬಯಸ್ತಾ ಇದ್ದಾಳೆ," ಎಂದರು ಬಲವಂತರಾವ್, ದಿಬ್ಬದ ಕಡೆ ಗಲ್ಲ ಎತ್ತಿ ತೋರಿಸುತ್ತ. "ಅವಳ ಹಟ ನಿಮಗೆ ಗೊತ್ತಿಲ್ಲ. ನೂರು ಮೈಲಿಯಿಂದಲೂ ಕೆಲಸ ಮಾಡುತ್ತೆ."

ಹಾಗಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ದೋಣಿಯಲ್ಲಿ ಕೂತವರ ಆಸೆಗಷ್ಟೇ ಹೊಳೆಯಲ್ಲಿ ಬೆಲೆ. ಅಂದರೆ ಉಳಿದವರು ನಾವಿಬ್ಬರು. ಅದನ್ನು ಹೇಳಬಹುದಿತ್ತು. ಆದರೆ ತರಬೇತಿಯ ಎರಡನೆಯ ಪಾಠ, ಗಿರಾಕಿಯ ಸಂಸಾರದ ಮಾತಿಗೆ ಗೈಡು ಬಾಯಿ ಹಾಕಬಾರದು ಎಂಬುದು. ನನಗೆ ಅನುಕೂಲವಾದಾಗ ನಾನು ಪಾಠಗಳನ್ನು ಬಹಳ ಶ್ರದ್ಧೆಯಿಂದ ಪಾಲಿಸುತ್ತೇನೆ.

ಆವತ್ತು ಹಿಂದಿರುಗುವಾಗ ದಾರಿಯುದ್ದಕ್ಕೂ ಅವರು ಮಾತಾಡಿದರು. ನಾದಿನಿಯ ಮದುವೆಗೆ ಉಟ್ಟ ಸೀರೆಯ ಬಣ್ಣದಿಂದ ಹಿಡಿದು ಮೊನ್ನೆ ಬಸ್ಸಿನಲ್ಲಿ ಯಾವ ಕಡೆ ಕೂರಬೇಕೆಂಬುದರವರೆಗೆ ಹೆಂಡತಿಯ ಅಪರಾಧಗಳನ್ನು ವರ್ಷವಾರು ಒಪ್ಪಿಸಿದರು. ಈಗ ಅವರ ಬೆನ್ನಿಗೆ, ಅವರೇ ಅರ್ಥ ಬರೆದುಕೊಂಡ ಹೊಳೆಯ ತೀರ್ಪೂ ಇತ್ತು. ಇಂದುಮತಿ ನೀರಿಗೆ ಬೆರಳದ್ದಿ ಸುಮ್ಮನೆ ಕೂತಿದ್ದರು. ಕಟ್ಟೆಯಲ್ಲಿದ್ದವರು ಬರಿದಾದ ದೋಣಿ ನೋಡಿ ಸೀದಾ ಆಕೆಯ ಮುಖ ನೋಡಿದರು. ಟೀ ಅಂಗಡಿಯವಳು ಕೂಡ, ತಾನೂ ಹೆಂಗಸಾಗಿ, "ಪಾಪ, ಮೇಷ್ಟ್ರು," ಎಂದಳು.

ಮಾರನೆಯ ದಿನ ಬೆಳಗ್ಗೆ ಮತ್ತೆ ಅರಸ. ನಾನು ಇನ್ನೊಮ್ಮೆ ಬೆಳ್ಳಿಯ ಮಾತೆತ್ತಿದೆ, ಅವರು ನೋಟುಪುಸ್ತಕದ ಮೇಲೆ ಬೆರಳು ಬಡಿದು, "ಉತ್ತರಪತ್ರಿಕೆ ಸರಿ ಇದೆ. ಬರೆಯುವವರಲ್ಲಿ ಲೋಪ," ಎಂದರು. ಮತ್ತೆ ಮಡು. ಮತ್ತೆ ಏನೂ ಇಲ್ಲ. ಹತ್ತು ಗಂಟೆಗೇ ಅವರು ಹೆಂಡತಿಗೆ ದಿಬ್ಬ ತೋರಿಸಿದರು.

ದೋಣಿಯನ್ನು ಮರಳಿಗೆ ತಾಗಿಸಿ ನಾನೂ ಇಳಿದು ಆಕೆಯ ಕೈ ಹಿಡಿದೆ. ಬಲವಂತರಾವ್ ದೋಣಿಯಲ್ಲೇ ಬೆನ್ನು ತಿರುಗಿಸಿ ಗಾಳಕ್ಕೆ ಮೀನನ್ನು ಸೆಳೆಯುವ ಹೊಸ ಮಿರುಗುತಗಡು ಕಟ್ಟುತ್ತಿದ್ದರು. ಇಂದುಮತಿ ಕೊರಡಿನವರೆಗೂ ನನ್ನನ್ನು ಕರೆದುಕೊಂಡು ಹೋದರು.

"ಹೊಂಬಾಳಕ್ಕ, ಒಂದು ಮಾತು ಕೇಳ್ತೀನಿ. ಈ ಹೊಳೆ ತಪ್ಪು ಹೇಳೋದುಂಟಾ?"

"ಇಲ್ಲಮ್ಮ."

"ಹಾಗಾದ್ರೆ ಇವರು ಅನ್ನೋ ಹಾಗೆ ದಿಬ್ಬದಿಂದಲೂ ನಾನೇ ಕೆಡಿಸ್ತಿದ್ದೀನಿ, ನನ್ನ ಮನಸ್ಸೇ ನನಗೆ ಗೊತ್ತಿಲ್ಲ ಅಂತಾಯ್ತು." ಅವರು ಅಳುತ್ತಿರಲಿಲ್ಲ. ಲೆಕ್ಕ ತಾಳೆಯಾಗದ ಗುಮಾಸ್ತೆಯಂತೆ ಹುಬ್ಬು ಗಂಟಿಕ್ಕಿದ್ದರು. "ನಾನು ನಿಜವಾಗ್ಲೂ ಆ ಮೀನೇ ಬೇಕು ಅಂತ ಬಯಸ್ತಾ ಇದ್ದೀನಿ. ಯಾಕೆ ಗೊತ್ತಾ? ಅದು ಸಿಕ್ಕಿದ್ರೆ ಅವರಿಗೆ ಒಂದು ವರ್ಷಕ್ಕಾಗೋಷ್ಟು ಮಾತು ಸಿಗುತ್ತೆ. ಬಂದವರಿಗೆಲ್ಲ ಮೀನಿನ ಕಥೆ ಹೇಳ್ತಾರೆ. ನನ್ನ ಕಥೆ ಹೇಳೋದು ನಿಲ್ಲುತ್ತೆ. ನನ್ನಷ್ಟು ಆ ಮೀನು ಬೇಕಾದವರು ಈ ಹೊಳೆಗೆ ಯಾರೂ ಬಂದಿರಲಿಕ್ಕಿಲ್ಲ."

ಅವರು ಕೊರಡಿನ ಮೇಲಿನ ಮರಳನ್ನು ಕೈಯಿಂದ ಒರೆಸಿದರು.

"ನಮ್ಮಕ್ಕ ಬಾ ಅಂತ ಕರೀತಾನೇ ಇದ್ದಾಳೆ. ಒಂದು ಕೋಣೆ ಖಾಲಿ ಇದೆ. ನಾನು ಇಷ್ಟು ದಿನ ಹೋಗಲಿಲ್ಲ. ಇವರು ಅನ್ನೋದು ಸುಳ್ಳು, ನಾನು ಇವರ ಜೊತೆ ಸರಿಯಾಗೇ ಇದ್ದೀನಿ ಅನ್ನೋದೊಂದು ಧೈರ್ಯ ಇತ್ತು. ಈಗ ಹೊಳೆನೂ ಇಲ್ಲ ಅಂದ ಮೇಲೆ ಇನ್ನೇನಿದೆ? ಇಲ್ಲಿಂದ ಹಾಗೇ ಅಕ್ಕನ ಊರಿನ ಬಸ್ಸು ಹತ್ತುತ್ತೀನಿ. ವಾಪಸು ಬರಲ್ಲ."

ಅಷ್ಟು ಹೇಳಿ ಸೆರಗು ಹೊದ್ದು ಕೊರಡಿನ ಮೇಲೆ ಕೂತರು. ಅಕ್ಕನ ಮನೆಯ ಖಾಲಿ ಕೋಣೆ ಕಣ್ಣೆದುರೇ ಇದ್ದಂತೆ ಹೊಳೆಯಾಚೆ ನೋಡತೊಡಗಿದರು.

ನಾನು ಮರಳಿನ ಮೇಲೆ ನಿಂತೇ ಇದ್ದೆ. ಟೀ ಅಂಗಡಿಯಲ್ಲಿ ಮಿಸುಕಾಡಿದ್ದು ಗಾಳಿಯಲ್ಲ ಎಂದು ನನಗೆ ನಿನ್ನೆಯೇ ಗೊತ್ತಿತ್ತು. ಆ ಮನುಷ್ಯ ನೋಟುಪುಸ್ತಕ ತೆಗೆದ ಗಳಿಗೆಯಿಂದ ನನಗೆ ಒಂದೇ ಆಸೆ: ಇವನು ಬರಿಗೈಯಲ್ಲಿ ಹೋಗಬೇಕು. ಮೆಟ್ಟಿಲ ಮೇಲೆ ನಿಂತು ಅರಸ ಎಂದಾಗಲೂ ಅದೇ. ಹುಟ್ಟು ಹಾಕುವಾಗ, ಹೂಂ ಎನ್ನುವಾಗ, ಅವನ ಗಾಳ ಬರಿದಾಗಿ ಮೇಲೆ ಬಂದಾಗಲೆಲ್ಲ ಒಳಗೊಳಗೇ ಹಬ್ಬ. ಏನೂ ಬೇಡದವಳೆಂದು ಮೆರೆಯುತ್ತಿದ್ದ ನಾನು ಇಷ್ಟು ಗಟ್ಟಿಯಾಗಿ ಯಾವುದನ್ನೂ ಬಯಸಿರಲಿಲ್ಲ. ನನ್ನ ಆಸೆ ನೆರವೇರುತ್ತಿತ್ತು; ಪೆಟ್ಟು ಮಾತ್ರ ಕೊರಡಿನ ಮೇಲೆ ಕೂತವಳಿಗೆ ಬೀಳುತ್ತಿತ್ತು.

ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಸಂಜೆ ಅವರನ್ನು ಕಟ್ಟೆಗೆ ಬಿಟ್ಟು ನಾಳೆ ಇನ್ನೊಬ್ಬರನ್ನು ಹತ್ತಿಸಿಕೊಂಡರೆ ಮುಗಿಯಿತು. ಅದೂ ತರಬೇತಿಯಲ್ಲಿತ್ತು, ಎಷ್ಟನೆಯ ಪಾಠವೋ ನೆನಪಿಲ್ಲ.

ದೋಣಿಯ ಹತ್ತಿರ ಬಂದು, "ಸರ್, ಇನ್ನೊಬ್ಬರನ್ನ ಇಳಿಸಿ ನೋಡೋದು ಉಳಿದಿದೆ," ಎಂದೆ.

ಅವರು ಎದೆಯುಬ್ಬಿಸಿದರು. "ನನ್ನನ್ನಾ? ನನಗೆ ಏನು ಬೇಕು ಅಂತ ನನಗೆ ಸ್ಪಷ್ಟವಾಗಿದೆ."

"ನಿಮ್ಮನ್ನಲ್ಲ. ನನ್ನನ್ನ."

"ನೀವು ಗೈಡು ಕಣಮ್ಮ," ಎಂದರು, ನನಗೇ ಮರೆತಿದೆಯೇನೋ ಎಂಬಂತೆ. "ನೀವು ಇಳಿದ್ರೆ ದೋಣಿ ಯಾರು ನಡೆಸ್ತಾರೆ?"

ನಾನು ಅದನ್ನು ಯೋಚಿಸಿರಲಿಲ್ಲ. ಪಶ್ಚಾತ್ತಾಪದಲ್ಲಿ ಸಾಮಾನ್ಯವಾಗಿ ಇಂಥ ವಿವರಗಳು ಬಿಟ್ಟುಹೋಗುತ್ತವೆ.

"ನಾನು ನಡೆಸ್ತೀನಿ," ಎಂದರು ಇಂದುಮತಿ, ಕೊರಡಿನಿಂದ ಎದ್ದು.

ಬಲವಂತರಾವ್ ನಕ್ಕರು. ಆಕೆ ನಗಲಿಲ್ಲ. ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ದೋಣಿಯನ್ನು ಒಂದೇ ನೂಕಿಗೆ ಮರಳಿನಿಂದ ಬಿಡಿಸಿ, ಅದು ತೇಲುತ್ತಿರುವಾಗಲೇ ಹತ್ತಿ ಕೂತು ಎರಡೂ ಹುಟ್ಟುಗಳನ್ನು ಕೈಗೆತ್ತಿಕೊಂಡರು. ಹುಟ್ಟು ನೀರಿಗಿಳಿದಾಗ ಸದ್ದೇ ಆಗಲಿಲ್ಲ. ನನ್ನ ಹುಟ್ಟು ಹತ್ತೊಂಬತ್ತು ವರ್ಷವಾದರೂ ಇನ್ನೂ ಚಟಚಟ ಎನ್ನುತ್ತದೆ.

"ಇದೆಲ್ಲಿ ಕಲಿತೆ?" ಎಂದರು ಬಲವಂತರಾವ್.

"ನಮ್ಮಪ್ಪ ಕಡವು ದಾಟಿಸ್ತಿದ್ರಲ್ಲ."

"ನಿಮ್ಮಪ್ಪ ಜಲಸಾರಿಗೆ ವ್ಯವಹಾರ ಅಂತ ಹೇಳಿದ್ರು!"

"ಹೂಂ. ಅದೇ ವ್ಯವಹಾರ. ಒಂದು ದೋಣಿ, ಎರಡು ಹುಟ್ಟು. ಅಪ್ಪನಿಗೆ ಜ್ವರ ಬಂದಾಗ ನಾನು ದಾಟಿಸ್ತಿದ್ದೆ. ನೀವು ಯಾವತ್ತೂ ಕೇಳಲಿಲ್ಲ."

ದೋಣಿ ಮಡುವಿನತ್ತ ಸಾಗಿತು. ನಾನು ದಿಬ್ಬದ ಮೇಲೆ ಒಬ್ಬಳೇ ನಿಂತೆ. ಕೊರಡಿನ ಮೇಲೆ ಕೂರಲು ಮನಸ್ಸಾಗಲಿಲ್ಲ.

ಅವರು ಎಸೆದ ಮೂರನೆಯ ಗಾಳಕ್ಕೇ ಅರಸ ಕಚ್ಚಿತು.

ಕೋಲು ಬಿಲ್ಲಿನಂತೆ ಬಾಗಿದ್ದು ನನಗೆ ಅಷ್ಟು ದೂರಕ್ಕೂ ಕಂಡಿತು. ಬಲವಂತರಾವ್ ಕೂಗಿದರು, ಎಡವಿದರು, ಮಂಡಿಯೂರಿ ಕೂತರು. ಮೀನು ದೋಣಿಯನ್ನೇ ಎಳೆದುಕೊಂಡು ಕೆಳಗಿನ ಬಂಡೆಗಳ ಕಡೆ ನುಗ್ಗಿತು. ನೀರಿನ ಮೇಲೆ ಮಾತು ಚೆನ್ನಾಗಿ ಹರಿಯುತ್ತದೆ. ಒಂದು ಅಕ್ಷರವೂ ತಪ್ಪದೆ ಕೇಳಿಸಿತು.

"ಇಂದೂ, ತಿರುಗಿಸು! ಬಂಡೆಗೆ ಹೋದ್ರೆ ದಾರ ಹರಿದುಹೋಗುತ್ತೆ!"

ಇಂದುಮತಿ ಹುಟ್ಟುಗಳನ್ನು ನೀರಿನಿಂದ ಎತ್ತಿ ಮಡಿಲಿಗೆ ಅಡ್ಡ ಇಟ್ಟುಕೊಂಡರು. "ತಿರುಗಿಸ್ತೀನಿ. ಮೊದಲು ಎರಡು ದಿನದಿಂದ ನನಗೆ ಅಂದಿದ್ದಕ್ಕೆ ಒಂದು ಮಾತು ಹೇಳಿ."

"ಈಗಲಾ? ಮನೆಗೆ ಹೋಗಿ ಮಾತಾಡೋಣ!"

"ಮನೆಯಲ್ಲಿ ನೀವು ಮಾತಾಡ್ತೀರಿ. ನಾನು ಕೇಳ್ತೀನಿ."

"ಬಂಡೆ, ಇಂದೂ!"

"ಕಾಣ್ತಾ ಇದೆ ರೀ."

"ಆಯ್ತು! ನನ್ನ ತೀರ್ಮಾನದಲ್ಲಿ ಒಂದಿಷ್ಟು ಅವಸರ ಆಗಿರುವ ಸಾಧ್ಯತೆ ಇದೆ!"

ಆಕೆ ಹುಟ್ಟು ಮುಟ್ಟಲಿಲ್ಲ. ದೋಣಿ ಇನ್ನೊಂದು ಮಾರು ಜಾರಿತು.

"ಪರಿಸ್ಥಿತಿಯನ್ನು ಗ್ರಹಿಸುವಲ್ಲಿ..." ಎಂದು ಅವರು ಶುರುಮಾಡಿ, ರೀಲು ಕಿರುಗುಟ್ಟಿದ್ದು ಕೇಳಿ, ಕಡೆಗೆ ಹೊಳೆಯ ಎರಡೂ ದಡಕ್ಕೆ ಕೇಳುವಂತೆ, "ತಪ್ಪಾಯ್ತು ಕಣೇ!" ಎಂದರು. ಆಮೇಲೆ ಯಾಕೋ ಇನ್ನೊಮ್ಮೆ, ಸಣ್ಣ ದನಿಯಲ್ಲಿ, "ತಪ್ಪಾಯ್ತು. ಕಿಟಕಿದೂ," ಎಂದರು. ಎರಡನೆಯದನ್ನು ಹೇಳಿ ಎಂದು ಯಾರೂ ಕೇಳಿರಲಿಲ್ಲ. ನನ್ನಂಥವಳಿಗೂ ಅದರಲ್ಲಿ ಗೇಲಿ ಮಾಡುವಂಥದ್ದೇನೂ ಕಾಣಲಿಲ್ಲ.

ಹುಟ್ಟು ನೀರಿಗೆ ಇಳಿಯಿತು. ಇಂದುಮತಿ ದೋಣಿಯನ್ನು ಬಂಡೆಯ ಮೂಗಿನಿಂದ ಹಿಂದಕ್ಕೆ ತಂದು, ಮೀನು ಹೋದತ್ತ ಹೋಗಿ, ನಿಂತಲ್ಲಿ ನಿಂತು, ಒಂದು ತಾಸಿನ ಮೇಲೆ ಅದನ್ನು ದಣಿಸಿದರು. ಹಿಡಿದವರು ಯಾರೆಂದು ಫೋಟೋ ನೋಡಿದರೆ ಬಲವಂತರಾವ್. ದಿಬ್ಬದ ಮೇಲಿನಿಂದ ನೋಡಿದ ನಾನು ಬೇರೆ ಹೇಳುತ್ತೇನೆ. ಬಲೆಯಲ್ಲಿ ಎತ್ತಿದಾಗ ಅದು ನಿಜಕ್ಕೂ ತೊಟ್ಟಿಲಿನಷ್ಟಿತ್ತು. ಇಬ್ಬರೂ ಅದರ ಮೇಲೆ ಬಗ್ಗಿ, ಹಣೆಗೆ ಹಣೆ ತಾಗುವಷ್ಟು ಹತ್ತಿರ, ಏನೋ ಮಾತಾಡಿದರು. ಅದು ಮಾತ್ರ ನನಗೆ ಕೇಳಿಸಲಿಲ್ಲ.

ಆಮೇಲೆ ದೋಣಿ ತಿರುಗಿಸಿ ಊರ ಕಡೆ ಹೊರಟುಹೋದರು.

ನಾನು ಕೈ ಬೀಸಿದೆ, ಕೂಗಿದೆ. ಬಲವಂತರಾವ್ ಕೂಡ ಕೈ ಬೀಸಿದರು, ಅಭಿನಂದನೆ ಸ್ವೀಕರಿಸುವಂತೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಉಬ್ಬರ ಹೊಳೆಯ ಬಾಯಿಂದ ಒಳಕ್ಕೆ ಬಂದು ದಿಬ್ಬದ ಅಂಚು ನೆಕ್ಕತೊಡಗಿತು. ಪಾದ ಮುಳುಗಿತು, ಆಮೇಲೆ ಮೀನಖಂಡ. ನಾನು ಕಡೆಗೆ ಆ ಕೊರಡಿನ ಮೇಲೆಯೇ ಹತ್ತಿ ನಿಂತೆ. ನಮ್ಮ ಪದ್ಧತಿಯಲ್ಲಿ ದಿಬ್ಬಕ್ಕೆ ಇಳಿಸಿದವರಿಗೆ ನೆರಳಿಲ್ಲ, ಕುಡಿಯುವ ನೀರಿಲ್ಲ, ಕೂರುವುದಕ್ಕೆ ಒಂದು ಹಲಗೆಯಿಲ್ಲ ಎಂಬುದನ್ನು ನಾನು ಮೊದಲ ಸಲ ಗಮನಿಸಿದೆ. ಎಷ್ಟು ಹೆಂಗಸರನ್ನು ನನ್ನ ಕೈಯಾರೆ ಇಲ್ಲಿ ಇಳಿಸಿದ್ದೆನೋ.

ನೀರು ಮೊಣಕಾಲಿಗೆ ಬಂದಾಗ ದೋಣಿ ಕಾಣಿಸಿತು. ಇಂದುಮತಿ ಒಬ್ಬರೇ ಇದ್ದರು.

"ಕ್ಷಮಿಸಿ ಅಕ್ಕ. ಕಟ್ಟೆ ಮುಟ್ಟಿದ ಮೇಲೆ, ಗೈಡು ಎಲ್ಲಿ ಅಂತ ಟೀ ಅಂಗಡಿಯವಳು ಕೇಳಿದಳು. ಆಗ ನೆನಪಾಯ್ತು."

ನಾನು ಹತ್ತಿ ಕೂತೆ. ಹುಟ್ಟಿಗೆ ಕೈ ಚಾಚಿದೆ, ಅವರು ಕೊಡಲಿಲ್ಲ. ಸ್ವಲ್ಪ ದೂರ ಹೋದಮೇಲೆ ಕೇಳಿದರು:

"ನಿಮಗೆ ಯಾವ ಮೀನು ಬೇಕಿತ್ತು?"

"ಮೀನಲ್ಲಮ್ಮ. ಅವರು ಬರಿಗೈಯಲ್ಲಿ ಹೋಗಲಿ ಅಂತ ಇತ್ತು."

ಅವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ನನಗೂ ಎಷ್ಟೋ ಸಲ ಹಾಗೆ ಅನ್ನಿಸಿದೆ. ಇಲ್ಲಿ ಮಾತ್ರ ಅನ್ನಿಸಿರಲಿಲ್ಲ." ನಾಲ್ಕು ಸಲ ಹುಟ್ಟು ಹಾಕಿದರು. "ನಿನ್ನೆ ನನ್ನನ್ನ ಇಳಿಸಿದಾಗ ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ಗೊತ್ತಿದ್ದೂ ಸುಮ್ಮನಿದ್ದೋರು ಅದನ್ನ ಅನುಮಾನ ಅಂತಾರೆ," ಎಂದರು ಇಂದುಮತಿ. ಸಿಟ್ಟಿನಿಂದಲ್ಲ, ತರಕಾರಿಯಲ್ಲಿ ಹುಳುಕು ಬೇರ್ಪಡಿಸಿದ ಹಾಗೆ.

"ತಪ್ಪಾಯ್ತು ಅಮ್ಮ," ಎಂದೆ. ಅವ್ವನ ಸೀರೆಯಂಥ ಹಳೆಯ ಮಾತು, ಎಲ್ಲೂ ಹರಿಯಲಿಲ್ಲ. "ಇನ್ನು ಅಕ್ಕನ ಮನೆಗೆ ಹೋಗಲ್ಲ ತಾನೆ?"

"ಹೋಗ್ತೀನಿ. ಒಂದು ತಿಂಗಳಿಗೆ. ತಪ್ಪು ಮಾಡಿ ಓಡಿಹೋಗೋದು ಬೇರೆ, ನೆಂಟರ ಮನೆಗೆ ಹೋಗೋದು ಬೇರೆ."

"ಸರ್‌ಗೆ ಹೇಳಿದ್ರಾ?"

"ಹೇಳಿದೆ. ಊಟಕ್ಕೆ ಏನು ಮಾಡ್ಲಿ ಅಂದ್ರು. ಅಷ್ಟು ದೊಡ್ಡ ಮೀನಿದೆಯಲ್ಲ, ಬೇಯಿಸ್ಕೊಳ್ಳಿ ಅಂದೆ." ಆಗ ಮಾತ್ರ ಅವರ ತುಟಿಯ ಕೊನೆ ಒಂದಿಷ್ಟು ಅಲುಗಿತು.

ಮರುದಿನ ನಾನು ಸಂಘದ ಆಫೀಸಿಗೆ ಹೋಗಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟೆ. ಸ್ವಂತ ಆಸೆ ಇಟ್ಟುಕೊಂಡ ಗೈಡಿನ ಬಿಲ್ಲೆ ಕಿತ್ತುಕೊಳ್ಳಬೇಕೆಂದು ನಿಯಮವಿದೆ. ಅಧ್ಯಕ್ಷ ಮುದ್ದುರಂಗಣ್ಣ ನನ್ನ ಮಾತು ಪೂರ್ತಿ ಕೇಳಿ, ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

"ಯಾರಿಗಾದ್ರೂ ಹೇಳಿದ್ಯಾ?"

"ಆ ಅಮ್ಮನಿಗೆ ಬಿಟ್ರೆ ಇನ್ಯಾರಿಗೂ ಇಲ್ಲ."

"ಹೇಳಬೇಡ ಮಾರಾಯ್ತಿ. ಹೆಂಡ್ತಿಯಿಂದ ಮೀನು ಬೀಳಲಿಲ್ಲ ಅಂದ್ರೆ ಗಂಡ ಮುಂದಿನ ವರ್ಷ ಮತ್ತೆ ಬರ್ತಾನೆ, ಅವಳನ್ನ ಬಿಟ್ಟೋ ಬುದ್ಧಿ ಹೇಳಿಯೋ. ಗೈಡಿಂದ ಅಂತ ಆದ್ರೆ ಯಾಕೆ ಬರ್ತಾನೆ? ನಿನ್ನೊಬ್ಬಳ ಮಾತಾ ಇದು? ನಾಳೆ ಎಲ್ಲ ಗೈಡುಗಳನ್ನೂ ಇಳಿಸಿ ನೋಡೋಣ ಅಂತಾರೆ. ನಮ್ಮಲ್ಲಿ ಎಷ್ಟು ಜನ ಉಳೀತಾರೆ, ಹೇಳು ನೋಡೋಣ?" ಎಂದು ಬಿಲ್ಲೆಯನ್ನು ತನ್ನ ಪಂಚೆಯ ತುದಿಯಿಂದ ಒರೆಸಿ ನನ್ನ ಕಡೆಗೆ ತಳ್ಳಿದ. "ನಿನ್ನಂಥ ಅನುಭವಸ್ಥರು ಸಂಘಕ್ಕೆ ಬೇಕು."

ಆ ಬಿಲ್ಲೆಯನ್ನು ಅಲ್ಲೇ ಬಿಟ್ಟು ಎದ್ದೆ. ದೋಣಿಯಂತೂ ನನ್ನದೇ. ಬಿಲ್ಲೆಯಿಲ್ಲದವರು ಜನರನ್ನು ಮೀನಿಗೆ ಕರೆದೊಯ್ಯಬಾರದೆಂದು ನಿಯಮ ಹೇಳುತ್ತದೆ; ದೋಣಿಯನ್ನು ಕಲಿಯುವವರ ಕೈಗೆ ಕೊಡಬಾರದೆಂದು ಹೇಳುವುದಿಲ್ಲ. ನಿಯಮ ಬರೆದವರಿಗೆ ಹಾಗೊಂದು ಯೋಚನೆಯೇ ಬಂದಿರಲಿಲ್ಲ.

ಕಟ್ಟೆಯಲ್ಲಿ ಹೊಸ ಸಂಸಾರವೊಂದು ಕಡೆಯ ಮೆಟ್ಟಿಲ ಮೇಲೆ ನಿಂತಿತ್ತು. ಕನ್ನಡಕದ ಗಂಡಸು, ಅವನ ತಾಯಿ, ತೋಳಿಗೆ ಚೀಲ ಸಿಕ್ಕಿಸಿಕೊಂಡ ಹೆಂಡತಿ. ಪಕ್ಕದಲ್ಲಿ ನಮ್ಮದೇ ಸಂಘದ ಗೈಡೊಬ್ಬ ಕೈಕಟ್ಟಿಕೊಂಡು ಹೂಂ ಎನ್ನುತ್ತಿದ್ದ. "ನಿನ್ನೆಯ ಥರ ಮಾಡಬೇಡ," ಎಂದು ಗಂಡಸು ಹೆಂಡತಿಗೆ ಹೇಳುತ್ತಿದ್ದ. "ಬೆಳ್ಳಿ ಅಂದ್ರೆ ಬೆಳ್ಳಿ. ಸರಿಯಾಗಿ ಬಯಸು." ಅವಳು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಬಯಸುತ್ತಿದ್ದಳು. ಅವಳ ಮೂಗಿನ ತುದಿ ಹಿಂದಿನ ದಿನದ ಬಿಸಿಲಿಗೆ ಸುಲಿದಿತ್ತು.

ನಾನು ಹೋಗಿ ಅವಳ ಮೊಣಕೈ ಮುಟ್ಟಿದೆ.

"ಅಮ್ಮಾ, ನಿಮಗೆ ದೋಣಿ ನಡೆಸೋಕೆ ಬರುತ್ತಾ?"

ಅವಳು ಕಣ್ಣು ಬಿಟ್ಟಳು. "ಇಲ್ವಲ್ಲ. ಯಾಕೆ?"

"ಚೀಲ ಯಜಮಾನ್ರ ಕೈಗೆ ಕೊಡಿ," ಎಂದು, ಪಕ್ಕದಲ್ಲೇ ಕಟ್ಟಿದ್ದ ನನ್ನ ದೋಣಿಯ ಹುಟ್ಟನ್ನು ಅವಳ ಕೈಗಿಟ್ಟೆ.